ಲ್ಯಾಬೆಟಲಾಲ್ ಇಂಜೆಕ್ಷನ್ ಕೊಟ್ಟ ಮೇಲೆ ಎಡವಟ್ಟಾದರೆ ಎಲ್ಲಿ ಹುಡುಕಬೇಕು

ರಾತ್ರಿ ಪಾಳಿಯ ಹೊಸ ಹುಡುಗಿಯರು ನನಗೆ ಫೋನ್ ಮಾಡುವುದು ಸಾಮಾನ್ಯವಾಗಿ ಒಂದೇ ಮಾತಿಗೆ. "ಅಕ್ಕಾ, ಬಿಪಿ ಇಂಜೆಕ್ಷನ್ ಕೊಟ್ಟೆ, ಏನೋ ಸರಿ ಇಲ್ಲ ಅನ್ನಿಸ್ತಿದೆ." ಒಮ್ಮೆ ಬಿಪಿ ಇಳಿಯುವುದೇ ಇಲ್ಲ. ಇನ್ನೊಮ್ಮೆ ಜಾಸ್ತಿ ಇಳಿದುಬಿಡುತ್ತದೆ. ಮತ್ತೊಮ್ಮೆ ನಾಡಿ ಬೀಳುತ್ತದೆ, ಉಬ್ಬಸ ಬರುತ್ತದೆ. ನಾನು ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ಭಾಗದ ಒಂದು ಆಸ್ಪತ್ರೆಯಲ್ಲಿ ನರ್ಸ್. ಹೆರಿಗೆ ವಾರ್ಡಿನಲ್ಲಿ 11 ವರ್ಷ, ತುರ್ತು ವಿಭಾಗದಲ್ಲಿ 6 ವರ್ಷ ಕಳೆದಿದ್ದೇನೆ. ಆಲ್ದೂರು, ಬಣಕಲ್, ಬಾಳೆಹೊನ್ನೂರು ಕಡೆಯ ತೋಟಗಳಿಂದ ಬರುವವರನ್ನು ಇಷ್ಟು ವರ್ಷ ನೋಡಿದ ಮೇಲೆ ಒಂದು ಮಾತು ಗಟ್ಟಿಯಾಗಿ ಹೇಳಬಲ್ಲೆ. ಇಂಜೆಕ್ಷನ್ ಎಡವಟ್ಟು ಮಾಡಿತು ಅಂದಾಗ, ಕಾರಣ ಹೆಚ್ಚಿನ ಸಲ ಆಂಪ್ಯೂಲಿನಲ್ಲಿ ಇರುವುದಿಲ್ಲ. ರೋಗಿ ಮನೆಯಲ್ಲಿ ಬಿಟ್ಟು ಬಂದ ಮಾತ್ರೆಯ ಕವರಿನಲ್ಲಿ ಇರುತ್ತದೆ.

ಡೋಸ್ ಎಷ್ಟು, ಮುಂದುವರಿಸಬೇಕೋ ನಿಲ್ಲಿಸಬೇಕೋ ಅನ್ನುವುದು ಡಾಕ್ಟರ ತೀರ್ಮಾನ. ಡಾಕ್ಟರಿಗೆ ಫೋನ್ ಮಾಡಿದಾಗ ಅವರು ಕೇಳುವ ಪ್ರಶ್ನೆಗೆ ನಮ್ಮ ಬಳಿ ಉತ್ತರ ಇರಬೇಕಲ್ಲ, ಅದಕ್ಕಾಗಿ ಇದನ್ನು ಬರೆದಿದ್ದೇನೆ. ರೋಗಿಯ ಜೊತೆ ಬರುವ ಮನೆಯವರೂ ಓದಿದರೆ ಇನ್ನೂ ಒಳ್ಳೆಯದು.

ಔಷಧಿಯ ಕೆಲಸ

ನಮ್ಮಲ್ಲಿ ನರಕ್ಕೆ ಕೊಡುವ ಬಿಪಿ ಇಂಜೆಕ್ಷನ್ ಅಂದರೆ ಹೆಚ್ಚಾಗಿ ಲ್ಯಾಬೆಟಲಾಲ್. 1 ಮಿಲಿಯಲ್ಲಿ 5 ಮಿಲಿಗ್ರಾಂ ಇರುತ್ತದೆ. ಇದು ಎರಡು ಕೆಲಸ ಒಟ್ಟಿಗೆ ಮಾಡುತ್ತದೆ. ಆಲ್ಫಾ ಅನ್ನುವ ಬಾಗಿಲು ಮುಚ್ಚಿ ರಕ್ತನಾಳಗಳನ್ನು ಸಡಿಲಿಸುತ್ತದೆ. ಬೀಟಾ ಅನ್ನುವ ಬಾಗಿಲು ಮುಚ್ಚಿ ಹೃದಯದ ಓಟವನ್ನು ತಗ್ಗಿಸುತ್ತದೆ. ಮಾತ್ರೆಯಾಗಿ ನುಂಗಿದಾಗ ಆಲ್ಫಾ ಕೆಲಸ 1 ಪಾಲಾದರೆ ಬೀಟಾ ಕೆಲಸ ಸುಮಾರು 3 ಪಾಲು. ನರಕ್ಕೆ ಕೊಟ್ಟಾಗ ಬೀಟಾ ಕೆಲಸ ಸುಮಾರು 7 ಪಾಲು.

ಈ 7 ಪಾಲು ನೆನಪಿಟ್ಟುಕೊಳ್ಳಿ. ಬೀಟಾ ಬಾಗಿಲುಗಳು ಹೃದಯದಲ್ಲಿ ಮಾತ್ರ ಇಲ್ಲ. ಶ್ವಾಸನಾಳದಲ್ಲೂ ಇವೆ. ಸಕ್ಕರೆ ಇಳಿದಾಗ ಮೈ ನಡುಗಿಸಿ, ಎದೆ ಹೊಡೆದುಕೊಳ್ಳುವಂತೆ ಮಾಡಿ ಎಚ್ಚರಿಸುವ ದಾರಿಯಲ್ಲೂ ಇವೆ. ಹಾಗಾಗಿ ಮುಂದೆ ಬರುವ ತೊಂದರೆಗಳಲ್ಲಿ ಹೆಚ್ಚಿನವಕ್ಕೆ ಬೇರು ಎರಡೇ. ರಕ್ತನಾಳ ಬೇಕಾದ್ದಕ್ಕಿಂತ ಸಡಿಲವಾಗಿದೆ, ಇಲ್ಲವೇ ಬೀಟಾ ಬಾಗಿಲು ಬೇಕಾದ್ದಕ್ಕಿಂತ ಗಟ್ಟಿಯಾಗಿ ಮುಚ್ಚಿದೆ.

ಕೊಟ್ಟ 5 ನಿಮಿಷದೊಳಗೆ ಕೆಲಸ ಶುರುವಾಗುತ್ತದೆ. ಪೂರ್ತಿ ಬಲ ಕಾಣುವುದು 5ರಿಂದ 15 ನಿಮಿಷದೊಳಗೆ. ಪರಿಣಾಮ ಮಾತ್ರ ಗಂಟೆಗಟ್ಟಲೆ ಉಳಿಯುತ್ತದೆ. ಬೇಗ ಬರುತ್ತದೆ, ನಿಧಾನಕ್ಕೆ ಹೋಗುತ್ತದೆ. ಆತುರಪಟ್ಟು ಇನ್ನೊಂದು ಡೋಸ್ ಕೊಟ್ಟರೆ ಅದನ್ನು ವಾಪಸು ತೆಗೆಯುವುದಕ್ಕೆ ಆಗುವುದಿಲ್ಲ.

ಬಿಪಿ ಇಳಿಯುತ್ತಲೇ ಇಲ್ಲ

ಮೊದಲು ಗಡಿಯಾರ ನೋಡಿ. 20 ಮಿಲಿಗ್ರಾಮನ್ನು 2 ನಿಮಿಷ ತೆಗೆದುಕೊಂಡು ನಿಧಾನಕ್ಕೆ ಕೊಟ್ಟು, 3ನೇ ನಿಮಿಷಕ್ಕೇ ಬಿಪಿ ನೋಡಿ ಗಾಬರಿಯಾಗುವವರು ಜಾಸ್ತಿ. 10 ನಿಮಿಷ ಬಿಡಿ. ಸಾಮಾನ್ಯ ಕ್ರಮ 20, ಆಮೇಲೆ 40, ಆಮೇಲೆ 80. ಪ್ರತಿ ಸಲ ಕನಿಷ್ಠ 10 ನಿಮಿಷದ ಅಂತರ. ಒಟ್ಟು 300 ಮಿಲಿಗ್ರಾಂ ದಾಟಬಾರದು. ಕೊಟ್ಟ ಸಮಯವನ್ನು ಕೇಸ್ ಶೀಟಿನಲ್ಲಿ ಆಗಿಂದಾಗಲೇ ಬರೆಯಿರಿ. ಪಾಳಿ ಬದಲಾಗುವ ಹೊತ್ತಿನಲ್ಲಿ ಲೆಕ್ಕ ತಪ್ಪುವುದು ಇಲ್ಲೇ.

ಆಮೇಲೆ ಅಳತೆಯನ್ನು ಅನುಮಾನಿಸಿ. ದಪ್ಪ ತೋಳಿಗೆ ಚಿಕ್ಕ ಕಫ್ ಸುತ್ತಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಕೈ ಮಂಚದಿಂದ ಕೆಳಗೆ ಜೋತು ಬಿದ್ದಿದ್ದರೂ ಅಷ್ಟೇ. ಮೂತ್ರ ಕಟ್ಟಿಕೊಂಡಿದ್ದರೆ, ನೋವಿದ್ದರೆ, ಹೆದರಿದ್ದರೆ ಬಿಪಿ ಏರಿಯೇ ಇರುತ್ತದೆ. ನಮ್ಮ ಕಡೆ ಇನ್ನೊಂದುಂಟು, ಕಾಫಿ. ಆಸ್ಪತ್ರೆಗೆ ಹೊರಡುವ ಮುಂಚೆ ಒಂದು ದೊಡ್ಡ ಲೋಟ ಕುಡಿದು ಬಂದವರಿಗೆ ಅರ್ಧ ಗಂಟೆ ಬಿಟ್ಟು ನೋಡಿದರೆ ಅಳತೆ ಬೇರೆಯೇ ಬರಬಹುದು. ತಲೆ, ಎದೆ, ಉಸಿರು ಯಾವುದಕ್ಕೂ ತೊಂದರೆ ಇಲ್ಲದವರಲ್ಲಿ ಮಾತ್ರ ಹೀಗೆ ಕಾಯಿರಿ. ತೊಂದರೆ ಇರುವವರಲ್ಲಿ ಕಾಯುವ ಮಾತಿಲ್ಲ.

ಇಲ್ಲಿ ಒಂದು ವಿಷಯ ಒತ್ತಿ ಹೇಳಬೇಕು. ಬರೀ 180/120 ಅನ್ನುವ ಸಂಖ್ಯೆ ನೋಡಿ ಇಂಜೆಕ್ಷನ್ ಕೊಡುವ ಅಗತ್ಯ ಇಲ್ಲ. ಆ ಸಂಖ್ಯೆಯ ಜೊತೆ ಕಣ್ಣು ಮಂಜಾಗುವುದು, ತೀರಾ ತಲೆನೋವು, ಗೊಂದಲ, ಫಿಟ್ಸ್, ಎದೆನೋವು, ಉಸಿರಾಟದ ಕಷ್ಟ, ಮೂತ್ರ ಕಮ್ಮಿಯಾಗುವುದು ಇಂಥದ್ದಿದ್ದರೆ ಅದು ತುರ್ತು. ಏನೂ ಇಲ್ಲದೆ ಆರಾಮಾಗಿ ಕೂತಿರುವವರಿಗೆ ಮಾತ್ರೆಯಿಂದ ನಿಧಾನಕ್ಕೆ ಇಳಿಸಿದರೆ ಸಾಕು. ಬಸುರಿಯರ ಲೆಕ್ಕ ಬೇರೆ, ಮುಂದೆ ಬರುತ್ತದೆ. "ಒಂದು ಸೂಜಿ ಹಾಕಿ ಕಳ್ಸಿ ಸಿಸ್ಟರ್, ಕೊನೇ ಬಸ್ ತಪ್ಪುತ್ತೆ" ಅಂತ ಮನೆಯವರು ಒತ್ತಾಯ ಮಾಡುತ್ತಾರೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ವರ್ಷಗಟ್ಟಲೆ ಜಾಸ್ತಿ ಬಿಪಿಗೆ ಒಗ್ಗಿಹೋದ ಮಿದುಳು, ಕಿಡ್ನಿ, ಹೃದಯಕ್ಕೆ ಒಮ್ಮೆಲೇ ರಕ್ತದ ಒತ್ತಡ ಕಮ್ಮಿ ಮಾಡಿದರೆ ಅಲ್ಲಿಗೆ ರಕ್ತವೇ ಸಾಲುವುದಿಲ್ಲ. ತುರ್ತು ಇದ್ದವರಲ್ಲೂ ಮೊದಲ ಗಂಟೆಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಇಳಿಸುವುದಿಲ್ಲ. ಆಮೇಲಿನ 2ರಿಂದ 6 ಗಂಟೆಯಲ್ಲಿ 160/100ರ ಹತ್ತಿರ ತಂದರೆ ಸಾಕು. ಪಾರ್ಶ್ವವಾಯು ಬಡಿದವರಿಗೆ ಬೇರೆಯೇ ನಿಯಮ ಇದೆ. ಡಾಕ್ಟರನ್ನು ಕೇಳದೆ ಕೈಹಾಕಬೇಡಿ.

ಅಳತೆ ಸರಿ ಇದೆ, ಸಮಯ ಆಯಿತು, ಆದರೂ ಇಳಿದಿಲ್ಲ ಅಂದರೆ ಈಗ ಕವರ್ ಕೇಳಿ. ಕಿಡ್ನಿ ಕಾಯಿಲೆಯವರು ಬಿಪಿಗೆ ಕ್ಲೊನಿಡಿನ್ ಮಾತ್ರೆ ತೆಗೆದುಕೊಳ್ಳುತ್ತಿರಬಹುದು. ಅದು ಮುಗಿದು ಎರಡು ದಿನ ತರಲಿಲ್ಲ ಅಂದರೆ ಬಿಪಿ ಹಾರುತ್ತದೆ. ಇದನ್ನು ಡಾಕ್ಟರಿಗೆ ಹೇಳಲೇಬೇಕು, ಔಷಧಿ ಕೊಡುವ ದಾರಿಯೇ ಬದಲಾಗಬಹುದು. ನೆಗಡಿ ಮಾತ್ರೆಗಳಲ್ಲಿ ಮೂಗು ಬಿಡಿಸುವ ಫಿನೈಲೆಫ್ರಿನ್ ಇರುತ್ತದೆ, ಅದು ರಕ್ತನಾಳವನ್ನು ಬಿಗಿ ಮಾಡುತ್ತದೆ. ಕಾಫಿ ಕೊಯ್ಲಿನ ಕಾಲದಲ್ಲಿ ಸೊಂಟನೋವಿಗೆ ದಿನಾ ಡೈಕ್ಲೊಫಿನಾಕ್ ನುಂಗುವವರು ಬಹಳ ಮಂದಿ. ಅವರ ಬಿಪಿ ಹತೋಟಿಗೆ ಬರುವುದು ಕಷ್ಟ, ಕಿಡ್ನಿಗೂ ಪೆಟ್ಟು. ಕೆಮ್ಮಿಗೆ ಅಂತ ತಿಂಗಳುಗಟ್ಟಲೆ ಅತಿಮಧುರ ಅಗಿಯುವವರಲ್ಲೂ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. "ನಾಟಿ ಔಷಧಿ ಏನಾದ್ರೂ?" ಅಂತ ಕೇಳಿದರೆ ಇಲ್ಲ ಅನ್ನುತ್ತಾರೆ. ಅತಿಮಧುರ ಅಂತ ಹೆಸರು ಹೇಳಿಯೇ ಕೇಳಿ.

ಅಪರೂಪಕ್ಕೆ ಇಂಜೆಕ್ಷನ್ ಕೊಟ್ಟ ಮೇಲೆ ಬಿಪಿ ಮತ್ತೂ ಏರುತ್ತದೆ. ಆಗಾಗ ಇದ್ದಕ್ಕಿದ್ದಂತೆ ತಲೆನೋವು, ಬೆವರು, ಎದೆ ಹೊಡೆತ ಮೂರೂ ಒಟ್ಟಿಗೆ ಬರುತ್ತಿತ್ತು ಅಂತ ರೋಗಿ ಹೇಳಿದರೆ ತಕ್ಷಣ ಡಾಕ್ಟರಿಗೆ ತಿಳಿಸಿ. ಕಿಡ್ನಿಯ ಮೇಲಿನ ಅಡ್ರಿನಲ್ ಗ್ರಂಥಿಯ ಗಡ್ಡೆ ಇದ್ದವರಲ್ಲಿ ಹೀಗಾಗುವುದುಂಟು. ಅದಕ್ಕೆ ಮಾಡುವ ಮೂತ್ರ ಪರೀಕ್ಷೆಯ ಫಲಿತಾಂಶವನ್ನೂ ಲ್ಯಾಬೆಟಲಾಲ್ ಕೆಡಿಸುತ್ತದೆ. ಹಾಗಾಗಿ ಇಂಜೆಕ್ಷನ್ ಕೊಟ್ಟಿದ್ದೇವೆ ಅಂತ ಚೀಟಿಯಲ್ಲಿ ಬರೆಯಬೇಕು.

ನಾಡಿ ಬೀಳುತ್ತಿದೆ

ಒಂದು ಅಜ್ಜಿಯ ಕಥೆ ಹೇಳುತ್ತೇನೆ. ಮಳೆಗಾಲ, ಕರೆಂಟು ಹೋಗಿ ಬಂದು ಮಾಡುತ್ತಿದ್ದ ರಾತ್ರಿ. ಬಿಪಿ 210/116, ತಲೆನೋವು, ವಾಂತಿ, ಕಣ್ಣು ಮಂಜು. ನಾಡಿ 62. ಸೊಸೆ ತಂದ ಕವರಿನಲ್ಲಿ ಆಮ್ಲೋಡಿಪಿನ್ ಅನ್ನುವ ಬಿಪಿ ಮಾತ್ರೆ ಒಂದೇ ಇತ್ತು. ಡಾಕ್ಟರು ಹೇಳಿದಂತೆ 20 ಕೊಟ್ಟೆ, ಆಮೇಲೆ 40. ಬಿಪಿ ಚೆನ್ನಾಗಿಯೇ ಇಳಿಯಿತು. ಆದರೆ ಮಾನಿಟರಿನಲ್ಲಿ ನಾಡಿ 50, 46, 42. ಅಜ್ಜಿ ಬೆವರಿದರು, ಮಾತು ಕಮ್ಮಿಯಾಯಿತು.

ಡಾಕ್ಟರು ಓಡಿ ಬಂದು ನಾಡಿ ಏರಿಸುವ ಅಟ್ರೋಪಿನ್ ಕೊಡಿಸಿದರು. ಕಾಲು ಎತ್ತರ ಮಾಡಿದೆವು. ನಾಡಿ ನಿಧಾನಕ್ಕೆ ಮೇಲೆ ಬಂತು. ಆಮೇಲೆ ಡಾಕ್ಟರು ಸೊಸೆಯನ್ನು ಕೇಳಿದ್ದು ಒಂದೇ ಪ್ರಶ್ನೆ. "ಅಜ್ಜಿ ಕಣ್ಣಿಗೆ ಏನಾದ್ರೂ ಹಾಕ್ತಾರಾ?" ಸೊಸೆ ಅಜ್ಜಿಯ ಎಲೆಅಡಿಕೆ ಸಂಚಿ ಬಿಚ್ಚಿದಳು. ಸುಣ್ಣದ ಡಬ್ಬಿಯ ಪಕ್ಕದಲ್ಲಿ ಒಂದು ಪುಟ್ಟ ಬಾಟಲಿ. ಟಿಮೊಲಾಲ್ ಕಣ್ಣಿನ ಹನಿ. ಕಣ್ಣಿನ ಒತ್ತಡಕ್ಕೆ ದಿನಕ್ಕೆ ಎರಡು ಸಲ ಹಾಕುತ್ತಿದ್ದರಂತೆ.

ಟಿಮೊಲಾಲ್ ಕೂಡ ಬೀಟಾ ಬಾಗಿಲು ಮುಚ್ಚುವ ಔಷಧಿಯೇ. ಕಣ್ಣಿಗೆ ಹಾಕಿದ ಹನಿ ಕಣ್ಣೀರಿನ ದಾರಿಯಲ್ಲಿ ಮೂಗಿಗೆ ಇಳಿದು, ಅಲ್ಲಿಂದ ನೇರ ರಕ್ತಕ್ಕೆ ಸೇರುತ್ತದೆ. ಅಜ್ಜಿಯ ಹೃದಯದ ಓಟ ಆಗಲೇ ತಗ್ಗಿತ್ತು, ಅದರ ಮೇಲೆ ನಾವು ಇನ್ನೊಂದು ಹೊರೆ ಹೇರಿದೆವು. ನಮ್ಮ ಜನರಿಗೆ ಔಷಧಿ ಅಂದರೆ ನುಂಗುವುದು. ಕಣ್ಣಿನ ಹನಿ, ಮುಲಾಮು, ಉಬ್ಬಸಕ್ಕೆ ಎಳೆಯುವ ಪಂಪು ಯಾವುದೂ ಅವರ ಲೆಕ್ಕದಲ್ಲಿ ಔಷಧಿಯಲ್ಲ. ತಪ್ಪು ಅಜ್ಜಿಯದಲ್ಲ, ಕೇಳದೆ ಇದ್ದ ನನ್ನದು.

ಸುಳಿವು ಮೊದಲೇ ಇತ್ತು. ತಲೆನೋವು, ವಾಂತಿ, ಗಾಬರಿ, ಮೇಲೆ ಇಷ್ಟು ಬಿಪಿ ಇರುವವರ ನಾಡಿ 62 ಇರುವುದು ಸಹಜವಲ್ಲ. ಓಡಬೇಕಾದ ನಾಡಿ ನಡೆಯುತ್ತಿದೆ ಅಂದರೆ ಯಾರೋ ಅದನ್ನು ಹಿಡಿದಿಟ್ಟಿದ್ದಾರೆ. ಒಂದೋ ಬೇರೊಂದು ಔಷಧಿ, ಇಲ್ಲವೇ ಹೃದಯದ ವಿದ್ಯುತ್ ದಾರಿಯಲ್ಲಿ ತಡೆ, ಇಲ್ಲವೇ ತಲೆಯೊಳಗೆ ರಕ್ತಸ್ರಾವ. ಬಿಪಿ ಜಾಸ್ತಿ ಮತ್ತು ನಾಡಿ ನಿಧಾನ ಎರಡೂ ಒಟ್ಟಿಗೆ ಇದ್ದಾಗ ತಲೆಯ ಸ್ಕ್ಯಾನ್ ನೆನಪಾಗಬೇಕು. ಇಂಜೆಕ್ಷನ್ ಮುಂಚೆ ಒಂದು ಇಸಿಜಿ ತೆಗೆದರೆ ಹೃದಯದ ತಡೆ ಗೊತ್ತಾಗುತ್ತದೆ. ಮೊದಲ ಹಂತಕ್ಕಿಂತ ಮೇಲಿನ ತಡೆ ಇದ್ದರೆ ಲ್ಯಾಬೆಟಲಾಲ್ ಕೊಡುವ ಹಾಗೇ ಇಲ್ಲ. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿದವರಿಗೂ ಕೊಡುವಂತಿಲ್ಲ.

ನಾಡಿ ಬೀಳಿಸುವ ಜೊತೆಗಾರರಲ್ಲಿ ನಾನು ತೀರಾ ಹೆದರುವುದು ವೆರಾಪಮಿಲ್ ಮತ್ತು ಡಿಲ್ಟಿಯಾಜಮ್‌ಗೆ. ಇವೂ ಬಿಪಿ, ಎದೆನೋವಿನ ಮಾತ್ರೆಗಳೇ, ಆಮ್ಲೋಡಿಪಿನ್‌ನ ಗುಂಪಿಗೆ ಸೇರಿದವು. ಆದರೆ ಆಮ್ಲೋಡಿಪಿನ್ ಹೆಚ್ಚಾಗಿ ರಕ್ತನಾಳದಲ್ಲೇ ಕೆಲಸ ಮಾಡುತ್ತದೆ. ಇವೆರಡು ಹೃದಯದ ವಿದ್ಯುತ್ ದಾರಿಯಲ್ಲೂ ಕೈಹಾಕುತ್ತವೆ. ಲ್ಯಾಬೆಟಲಾಲ್ ಜೊತೆ ಸೇರಿದರೆ ಹೃದಯ ನಿಂತೇ ಹೋಗುವ ಅಪಾಯ ಇದೆ. ಹೃದಯದ ಮಾತ್ರೆ ಡಿಗಾಕ್ಸಿನ್, ಮೇಲೆ ಹೇಳಿದ ಕ್ಲೊನಿಡಿನ್ ಕೂಡ ನಾಡಿ ನಿಧಾನ ಮಾಡುತ್ತವೆ. ಮೆಟೊಪ್ರೊಲಾಲ್, ಅಟೆನೊಲಾಲ್ ಅಂತೂ ಇದೇ ಮನೆಯವು. ಹೆಸರಿನ ಕೊನೆಗೆ "ಲಾಲ್" ಕಂಡರೆ ನಿಂತು ಯೋಚಿಸಿ. ಮೆಟೊಪ್ರೊಲಾಲ್ ಸಾಮಾನ್ಯವಾಗಿ ಬೇರೆ ಹೆಸರಿನ ಸ್ಟ್ರಿಪ್‌ನಲ್ಲಿ ಇರುತ್ತದೆ. ಅದಕ್ಕೇ ಸ್ಟ್ರಿಪ್‌ನ ಹಿಂಭಾಗದ ಸಣ್ಣ ಅಕ್ಷರ ಓದಿ. ಎದುರಿನ ದಪ್ಪ ಹೆಸರು ಸಾಲದು.

ಎದ್ದ ಕೂಡಲೇ ಬಿದ್ದರು

ಅಡಿಕೆ ತೋಟದ ಒಬ್ಬ ಹಿರಿಯರು. ಇಂಜೆಕ್ಷನ್ ಆಗಿ ಮುಕ್ಕಾಲು ಗಂಟೆಗೆ ಬಿಪಿ 158/96, ತಲೆನೋವು ಹೋಗಿತ್ತು, ಮುಖದಲ್ಲಿ ನಗು ಬಂದಿತ್ತು. ನಾನು ಪಕ್ಕದ ಹಾಸಿಗೆಗೆ ಹೋದೆ. "ಬಾತ್‌ರೂಮಿಗೆ ಹೋಗಿ ಬರ್ತೀನಿ" ಅಂತ ಎದ್ದವರು ಮೂರೇ ಹೆಜ್ಜೆಗೆ ಕುಸಿದರು. ಹುಬ್ಬಿಗೆ ನಾಲ್ಕು ಹೊಲಿಗೆ. ಇವತ್ತಿಗೂ ಆ ಶಬ್ದ ನನ್ನ ಕಿವಿಯಲ್ಲಿದೆ.

ಮಲಗಿದಾಗ ನೋಡಿದ ಬಿಪಿ ಸುಳ್ಳು ಹೇಳುವುದಿಲ್ಲ, ಆದರೆ ಪೂರ್ತಿ ನಿಜವನ್ನೂ ಹೇಳುವುದಿಲ್ಲ. ನಾವು ಎದ್ದು ನಿಂತಾಗ ರಕ್ತ ಕಾಲಿಗೆ ಇಳಿಯುತ್ತದೆ. ಆಗ ರಕ್ತನಾಳ ಬಿಗಿಯಾಗಿ, ಹೃದಯ ಚುರುಕಾಗಿ ಅದನ್ನು ಮೇಲೆ ತಳ್ಳಬೇಕು. ಲ್ಯಾಬೆಟಲಾಲ್ ಆ ಎರಡೂ ಕೈಗಳನ್ನು ಕಟ್ಟಿ ಹಾಕಿರುತ್ತದೆ. ಅದಕ್ಕೇ ಕೊಡುವಾಗ ಮಲಗಿಸಿಯೇ ಕೊಡಬೇಕು, ಕೊಟ್ಟ ಮೇಲೂ 3 ಗಂಟೆ ಏಳಬಾರದು. ಮೂತ್ರಕ್ಕೆ ಪ್ಯಾನ್ ಕೊಡಿ. ಈ ಮಾತನ್ನು ರೋಗಿಗೆ ಒಂದು ಸಲ, ಜೊತೆಗಿರುವವರಿಗೆ ಎರಡು ಸಲ ಹೇಳಿ. ಮೂರು ಗಂಟೆ ಆದ ಮೇಲೂ ಮೊದಲು ಮಂಚದಲ್ಲೇ ಕೂರಿಸಿ, ಬಿಪಿ ನೋಡಿ, ಆಮೇಲೆ ನಿಲ್ಲಿಸಿ. ಗಂಡಸರು ಪ್ಯಾನ್ ಅಂದರೆ ಮುಜುಗರ ಪಡುತ್ತಾರೆ. ಪರದೆ ಎಳೆದು ಮಗನನ್ನು ಒಳಗೆ ಬಿಟ್ಟರೆ ಒಪ್ಪುತ್ತಾರೆ.

ಆ ಹಿರಿಯರು ಬಿದ್ದ ಮೇಲೆ ಗೊತ್ತಾಯಿತು, ಪ್ರಾಸ್ಟೇಟ್ ತೊಂದರೆಗೆ ರಾತ್ರಿ ಒಂದು ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಟ್ಯಾಮ್ಸುಲೋಸಿನ್, ಪ್ರಾಜೋಸಿನ್ ಇವೆಲ್ಲ ಆಲ್ಫಾ ಬಾಗಿಲು ಮುಚ್ಚುವಂಥವು. ಅದರ ಮೇಲೆ ನಮ್ಮ ಇಂಜೆಕ್ಷನ್. ಬಿಪಿ ಜಾಸ್ತಿ ಇಳಿಸುವ ಬೇರೆ ಜೊತೆಗಾರರು ಮೂತ್ರ ಜಾಸ್ತಿ ಹೋಗುವಂತೆ ಮಾಡುವ ನೀರಿನ ಮಾತ್ರೆ, ಎದೆನೋವಿನ ನೈಟ್ರೊಗ್ಲಿಸರಿನ್, ಮತ್ತು ಹೆಂಡ. ನೈಟ್ರೊಗ್ಲಿಸರಿನ್ ಕೊಟ್ಟಾಗ ಸಾಮಾನ್ಯವಾಗಿ ನಾಡಿ ಓಡುತ್ತದೆ, ಅದು ದೇಹ ತನ್ನನ್ನು ಕಾಪಾಡಿಕೊಳ್ಳುವ ರೀತಿ. ಲ್ಯಾಬೆಟಲಾಲ್ ಇದ್ದರೆ ಆ ಓಟ ಇರುವುದಿಲ್ಲ, ಬಿಪಿ ಬಿದ್ದದ್ದು ನಾಡಿಯಿಂದ ಗೊತ್ತಾಗುವುದಿಲ್ಲ. ಕುಡಿದು ಬಂದವರನ್ನು ಬೈಯಬೇಡಿ. ಬೈದರೆ ಮುಂದಿನ ಸಲ ಸುಳ್ಳು ಹೇಳುತ್ತಾರೆ.

ಬಿಪಿ ತೀರಾ ಬಿದ್ದರೆ ಚಪ್ಪಟೆ ಮಲಗಿಸಿ, ಕಾಲು ಎತ್ತರಿಸಿ, ಡ್ರಿಪ್‌ನಲ್ಲಿ ಲ್ಯಾಬೆಟಲಾಲ್ ಹೋಗುತ್ತಿದ್ದರೆ ಮೊದಲು ನಿಲ್ಲಿಸಿ, ಆಮೇಲೆ ಕೂಗಿ. ಹಳೇ ಅಭ್ಯಾಸ ಒಂದಿತ್ತು, ಬಿಪಿ ಇಳಿಸುವ ನಿಫೆಡಿಪಿನ್ ಕ್ಯಾಪ್ಸೂಲಿಗೆ ಚುಚ್ಚಿ ನಾಲಿಗೆ ಕೆಳಗೆ ಹಿಂಡುವುದು. ಬಿಪಿ ಎಷ್ಟು ಇಳಿಯುತ್ತದೆ ಅನ್ನುವುದು ಯಾರ ಕೈಯಲ್ಲೂ ಇರುವುದಿಲ್ಲ. ಕ್ಲಿನಿಕ್‌ನಲ್ಲಿ ಹಾಗೆ ಮಾಡಿಸಿಕೊಂಡು ಬಂದಿದ್ದಾರಾ ಅಂತ ಕೇಳಿಕೊಂಡೇ ಸೂಜಿ ಹಿಡಿಯಿರಿ.

ಉಬ್ಬಸ

ಅಸ್ತಮಾ ಇದ್ದವರಿಗೆ ಲ್ಯಾಬೆಟಲಾಲ್ ಬೇಡ. ಇದನ್ನು ಎಲ್ಲರೂ ಓದಿರುತ್ತಾರೆ. ತೊಂದರೆ ಏನೆಂದರೆ, "ಅಸ್ತಮಾ ಇದೆಯಾ?" ಅಂದರೆ ನಮ್ಮ ಜನ "ಇಲ್ಲ" ಅನ್ನುತ್ತಾರೆ. "ಮಳೆ ಹಿಡಿದಾಗ ಎದೆ ಕಟ್ಟುತ್ತಾ? ರಾತ್ರಿ ಎದ್ದು ಕೂರ್ತೀರಾ? ಪಂಪ್ ಎಳೀತೀರಾ?" ಅಂತ ಕೇಳಿದರೆ ಹತ್ತು ವರ್ಷದ ಕಥೆ ಹೊರಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೆಲ್ಲ ಬೂಷ್ಟು ಹಿಡಿಯುವ ಊರಿನಲ್ಲಿ ಉಬ್ಬಸವನ್ನು ಕಾಯಿಲೆ ಅಂತಲೇ ಯಾರೂ ಎಣಿಸುವುದಿಲ್ಲ.

ಕೊಟ್ಟ ಮೇಲೆ ಎದೆಯಲ್ಲಿ ಸುಯ್ ಸುಯ್ ಶಬ್ದ ಕೇಳಿಸಿದರೆ ನಿಲ್ಲಿಸಿ, ಆಕ್ಸಿಜನ್ ಹಾಕಿ, ಡಾಕ್ಟರನ್ನು ಕರೆಯಿರಿ. ಶ್ವಾಸನಾಳ ಬಿಡಿಸುವ ಸಾಲ್ಬುಟಮಾಲ್ ನೆಬುಲೈಸರ್ ಕೊಟ್ಟರೂ ಎಂದಿನಷ್ಟು ಬೇಗ ಬಿಡಿಸುವುದಿಲ್ಲ. ಅದು ಹೋಗಿ ತಟ್ಟಬೇಕಾದ ಬಾಗಿಲನ್ನೇ ಲ್ಯಾಬೆಟಲಾಲ್ ಮುಚ್ಚಿ ನಿಂತಿದೆ. ಹೆಚ್ಚಿನ ಪ್ರಮಾಣ ಬೇಕಾಗಬಹುದು. ಟಿಮೊಲಾಲ್ ಹನಿಯೂ ಉಬ್ಬಸ ಎಬ್ಬಿಸುತ್ತದೆ ಅನ್ನುವುದು ಇಲ್ಲೂ ನೆನಪಿರಲಿ.

ಇದೇ ಕಾರಣಕ್ಕೆ ತೋಟದವರಿಗೆ ಇನ್ನೊಂದು ಎಚ್ಚರಿಕೆ. ಹೆಜ್ಜೇನು ಕಚ್ಚಿ ಮೈಯೆಲ್ಲ ದದ್ದು ಬಂದು ಉಸಿರು ಕಟ್ಟಿದಾಗ ಪ್ರಾಣ ಉಳಿಸುವುದು ಅಡ್ರಿನಲಿನ್. ಬೀಟಾ ಬಾಗಿಲು ಮುಚ್ಚಿರುವವರಲ್ಲಿ ಅಡ್ರಿನಲಿನ್ ಎಂದಿನಂತೆ ಕೆಲಸ ಮಾಡದೇ ಇರಬಹುದು. ಆಗ ಗ್ಲುಕಗಾನ್ ಅನ್ನುವ ಇನ್ನೊಂದು ಇಂಜೆಕ್ಷನ್ ಬೇಕಾಗುತ್ತದೆ. ಹಾಗಂತ ಅಡ್ರಿನಲಿನ್ ಕೊಡುವುದನ್ನು ತಡಮಾಡುವಂತಿಲ್ಲ. ಲ್ಯಾಬೆಟಲಾಲ್ ಮಾತ್ರೆಯೋ ಬೇರೆ "ಲಾಲ್" ಮಾತ್ರೆಯೋ ನುಂಗುತ್ತಿದ್ದೇನೆ ಅಂತ ರೋಗಿ ಮೊದಲೇ ಹೇಳಿದರೆ ಡಾಕ್ಟರು ಸಿದ್ಧವಾಗಿರುತ್ತಾರೆ.

ಬೆವರು ಮತ್ತು ಮಂಕು

ಶುಗರ್ ಇದ್ದವರಿಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಮಾತ್ರೆ ನಡೆಯುತ್ತಿದ್ದರೆ, ವಾಂತಿಯಿಂದ ಊಟ ಬಿಟ್ಟಿದ್ದರೆ, ಸಕ್ಕರೆ ಇಳಿಯುವುದು ಸುಲಭ. ಸಾಮಾನ್ಯವಾಗಿ ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಲ್ಯಾಬೆಟಲಾಲ್ ಈ ಎರಡನ್ನೂ ಮುಚ್ಚಿಡುತ್ತದೆ. ಉಳಿಯುವುದು ಬೆವರು. ಬೆವರು ಕಂಡರೆ ಬಿಪಿ ಬಿದ್ದಿರಬೇಕು ಅಂತ ಕಫ್ ಹುಡುಕುವ ಜೊತೆಗೇ ಬೆರಳು ಚುಚ್ಚಿ ಗ್ಲೂಕೋಮೀಟರ್ ನೋಡಿ. ಅರ್ಧ ನಿಮಿಷದ ಕೆಲಸ.

ಪೈಪಿನಲ್ಲಿ ಹಾಲಿನಂಥ ಬಿಳಿ

ಇದು ಮೈಯೊಳಗಿನ ಜಗಳ ಅಲ್ಲ, ಪೈಪಿನೊಳಗಿನ ಜಗಳ. ಫ್ಯೂರೋಸೆಮೈಡ್, ನಾವು ಲ್ಯಾಸಿಕ್ಸ್ ಅನ್ನುವ ಇಂಜೆಕ್ಷನ್, ಕ್ಷಾರ ಸ್ವಭಾವದ್ದು. ಲ್ಯಾಬೆಟಲಾಲ್ ಆಮ್ಲದ ಕಡೆಯದು. ಒಂದರ ಹಿಂದೆ ಒಂದನ್ನು ಅದೇ ಕ್ಯಾನುಲಾದಲ್ಲಿ (ನರಕ್ಕೆ ಹಾಕಿಟ್ಟ ಸಣ್ಣ ನಳಿಕೆ) ತಳ್ಳಿದರೆ ಬಿಳಿ ಗಸಿ ಕಟ್ಟುತ್ತದೆ. ಸೋಡಿಯಂ ಬೈಕಾರ್ಬನೇಟ್ ಜೊತೆಯೂ ಹೊಂದುವುದಿಲ್ಲ. ಬಿಳಿ ಕಂಡರೆ ತಳ್ಳಬೇಡಿ. ಲೈನ್ ಮುಚ್ಚಿ, ಬಿಚ್ಚಿ, ಪೈಪ್ ಬದಲಿಸಿ. ಎರಡೂ ಕೊಡಲೇಬೇಕಾದರೆ ಬೇರೆ ಬೇರೆ ಕೈಯಲ್ಲಿ ಕೊಡಿ. ಒಂದೇ ನರ ಸಿಕ್ಕಿದ್ದರೆ ನಡುವೆ ನಾರ್ಮಲ್ ಸಲೈನ್‌ನಿಂದ ಚೆನ್ನಾಗಿ ತೊಳೆಯಿರಿ.

ಹೆದರಬೇಕಾಗಿಲ್ಲದ್ದು

"ತಲೇಲಿ ಇರುವೆ ಹರಿದಂಗೆ ಆಗ್ತದೆ ಸಿಸ್ಟರ್." ಈ ಮಾತು ಬಹಳ ಕೇಳುತ್ತೇವೆ. ನೆತ್ತಿ ಜುಮ್ಮೆನ್ನುವುದು ಈ ಔಷಧಿಯದೇ ಗುರುತು. ತಾನಾಗಿ ಹೋಗುತ್ತದೆ. ಸ್ವಲ್ಪ ವಾಕರಿಕೆ, ಮೂಗು ಕಟ್ಟುವುದು, ತಲೆ ಹಗುರ ಅನ್ನಿಸುವುದೂ ಹಾಗೇ. ಮೊದಲೇ ಹೇಳಿಟ್ಟರೆ ಗಾಬರಿಪಡುವುದಿಲ್ಲ, ಗಾಬರಿಯಿಂದ ಬಿಪಿ ಏರುವುದೂ ತಪ್ಪುತ್ತದೆ. ಮನೆಗೆ ಹೋದ ಮೇಲೆ ಮಾತ್ರೆ ಮುಂದುವರಿಸುವವರಲ್ಲಿ ಮೂತ್ರ ಕಡು ಹಳದಿಯಾದರೆ, ಮೈ ತುರಿಸಿದರೆ, ಕಣ್ಣು ಹಳದಿಯಾದರೆ ಮಾತ್ರ ಕಾಯಬಾರದು. ಅಪರೂಪಕ್ಕೆ ಲಿವರಿಗೆ ಪೆಟ್ಟಾಗುತ್ತದೆ. ಕಾಮಾಲೆಗೆ ನಾಟಿ ಮದ್ದು ಕೊಡಿಸಲು ಹೋಗದೆ ಮೊದಲು ಆಸ್ಪತ್ರೆಗೆ ಬನ್ನಿ.

ಹೆರಿಗೆ ವಾರ್ಡಿನ ಲೆಕ್ಕ

ಬಸುರಿಯಲ್ಲಿ 160/110 ಅಥವಾ ಅದಕ್ಕಿಂತ ಮೇಲೆ 15 ನಿಮಿಷ ನಿಂತರೆ ಅದೇ ತುರ್ತು. ತಲೆನೋವು ಇರಲಿ, ಇಲ್ಲದಿರಲಿ. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಔಷಧಿ ಶುರುವಾಗಬೇಕು. ಆದರೆ ತೀರಾ ಕೆಳಗೆ ತರಬಾರದು, ಮಗುವಿಗೆ ಹೋಗುವ ರಕ್ತ ಕಮ್ಮಿಯಾಗುತ್ತದೆ. ಮೇಲಿನದು 140ರಿಂದ 150, ಕೆಳಗಿನದು 90ರಿಂದ 100 ಸಾಕು. ಕೊಡುವಾಗ ಮಗುವಿನ ಎದೆಬಡಿತ ಕೇಳುತ್ತಲೇ ಇರಬೇಕು.

ಫಿಟ್ಸ್ ತಡೆಯುವುದು ಲ್ಯಾಬೆಟಲಾಲ್ ಕೆಲಸ ಅಲ್ಲ. ಅದಕ್ಕೆ ಮೆಗ್ನೀಸಿಯಂ ಸಲ್ಫೇಟ್. ಬಿಪಿ ಇಳಿಯಿತು ಅಂತ ಅದನ್ನು ಮರೆಯಬಾರದು.

ಹೆರಿಗೆಯಾದ ಮೇಲೆ ಬಿಪಿ ಮತ್ತೆ ಹಾರಿದರೆ ಮೊದಲು ನಾನು ಹುಡುಕುವುದು ಮೆಥರ್ಜಿನ್. ರಕ್ತಸ್ರಾವ ನಿಲ್ಲಿಸಲು ಅಭ್ಯಾಸಬಲದಿಂದ ಕೊಟ್ಟುಬಿಡುವ ಈ ಇಂಜೆಕ್ಷನ್ ರಕ್ತನಾಳವನ್ನು ಹಿಂಡುತ್ತದೆ. ಬಿಪಿ ಇರುವ ತಾಯಿಗೆ ಕೊಡಬಾರದು, ಅದರ ಬದಲು ಆಕ್ಸಿಟೋಸಿನ್ ಇದೆ. ಒಂದು ಕೈಯಲ್ಲಿ ಬಿಪಿ ಏರಿಸುವ ಸೂಜಿ, ಇನ್ನೊಂದು ಕೈಯಲ್ಲಿ ಇಳಿಸುವ ಸೂಜಿ ಕೊಟ್ಟರೆ ಲ್ಯಾಬೆಟಲಾಲ್ ಕೆಲಸ ಮಾಡಲಿಲ್ಲ ಅನ್ನುವುದರಲ್ಲಿ ಅರ್ಥ ಇಲ್ಲ, ಅಲ್ವಾ? ಇಂಥ ತಾಯಂದಿರ ತಾಯಿ ಕಾರ್ಡಿನ ಮೇಲೆ ನಾನು ಕೆಂಪು ಪೆನ್ನಿನಲ್ಲಿ "ಮೆಥರ್ಜಿನ್ ಬೇಡ" ಅಂತ ಬರೆಯುತ್ತೇನೆ.

ಮಗುವನ್ನೂ ಮರೆಯಬೇಡಿ. ಲ್ಯಾಬೆಟಲಾಲ್ ಮಾಸುಚೀಲ ದಾಟಿ ಹೋಗುತ್ತದೆ. ಹುಟ್ಟಿದ ಮಗುವಿನ ನಾಡಿ ನಿಧಾನವಾಗಬಹುದು, ಸಕ್ಕರೆ ಇಳಿಯಬಹುದು, ಉಸಿರು ಕುಂದಬಹುದು. ಮಕ್ಕಳ ವಾರ್ಡಿಗೆ ಕೊಡುವಾಗ ತಾಯಿಗೆ ಎಷ್ಟು ಹೊತ್ತಿಗೆ ಎಷ್ಟು ಕೊಟ್ಟಿದ್ದೆವು ಅಂತ ಬಾಯಲ್ಲಿ ಹೇಳಿದರೆ ಸಾಲದು, ಬರೆದುಕೊಡಿ. ಸಿಸೇರಿಯನ್‌ಗೆ ಹೋಗುತ್ತಿದ್ದರೆ ಅರಿವಳಿಕೆ ಡಾಕ್ಟರಿಗೂ ಅದೇ ಚೀಟಿ.

ಹಾಸನಕ್ಕೋ ಮಂಗಳೂರಿಗೋ ಕಳಿಸುವಾಗ

ನಮ್ಮಲ್ಲಿ ಆಗದಿದ್ದಾಗ 108ರಲ್ಲಿ ಹಾಕಿ ಕಳಿಸುತ್ತೇವೆ. ಚಾರ್ಮಾಡಿ ಇಳಿದರೆ ಮಂಗಳೂರು, ಬೇಲೂರು ದಾಟಿದರೆ ಹಾಸನ. ಎರಡೂ ಹತ್ತಿರವಲ್ಲ, ದಾರಿಯಲ್ಲಿ ತಿರುವು, ಮಂಜು, ಮಳೆ. ಔಷಧಿಯ ಪರಿಣಾಮ ಗಂಟೆಗಟ್ಟಲೆ ಇರುವುದರಿಂದ ಎಡವಟ್ಟು ಆಂಬುಲೆನ್ಸಿನಲ್ಲೇ ಆಗಬಹುದು. ರೋಗಿಯನ್ನು ಕೂರಿಸಿಕೊಂಡು ಹೋಗುವಂತಿಲ್ಲ, ಮಲಗಿಸಿಯೇ ಹೋಗಬೇಕು. ಜೊತೆಗೆ ಹೋಗುವವರಿಗೆ ಪ್ರತಿ 10 ನಿಮಿಷಕ್ಕೆ ಬಿಪಿ, ನಾಡಿ ನೋಡಲು ಹೇಳಿ.

ಚೀಟಿಯಲ್ಲಿ ಕೊನೇ ಡೋಸಿನ ಹೊತ್ತು, ಒಟ್ಟು ಮಿಲಿಗ್ರಾಂ, ಕೊಡುವ ಮುಂಚಿನ ನಾಡಿ ಇರಬೇಕು. ಉಬ್ಬಸ ಕೇಳಿದ್ದೇವೆ, ಕಣ್ಣಿನ ಹನಿ ಕೇಳಿದ್ದೇವೆ ಅನ್ನುವುದೂ ಇರಲಿ. ಮನೆಯಲ್ಲಿ ಉಳಿದವರಿಗೆ ಫೋನ್ ಮಾಡಿಸಿ, ಅಟ್ಟದ ಡಬ್ಬಿ, ಟಿವಿ ಮೇಲಿನ ತಟ್ಟೆ, ದೇವರ ಮನೆಯ ಗೂಡು ಎಲ್ಲ ನೋಡಿ ಸಿಕ್ಕ ಸ್ಟ್ರಿಪ್, ಬಾಟಲಿಗಳ ಎರಡೂ ಬದಿಯ ಫೋಟೊ ವಾಟ್ಸಾಪ್‌ನಲ್ಲಿ ಕಳಿಸಲು ಹೇಳಿ. ಆಂಬುಲೆನ್ಸ್ ಊರು ಮುಟ್ಟುವುದರೊಳಗೆ ಫೋಟೊ ಅಲ್ಲಿನ ಡಾಕ್ಟರ ಕೈಗೆ ಸಿಗುತ್ತದೆ. ನೆಟ್‌ವರ್ಕ್ ಇಲ್ಲದ ತೋಟವಾದರೆ, ಹಿಂದೆ ಜೀಪಿನಲ್ಲಿ ಬರುವ ಮಗನ ಕೈಲಿ ಆ ಕವರನ್ನೇ ಕಳಿಸಲು ಹೇಳಿ. ಎಲೆಅಡಿಕೆ ಸಂಚಿಯನ್ನೂ ಸೇರಿಸಿ.